ಬಾಗಿಲು ಹಾಕಿಕೊಂಡು ಮಾತಾಡುವಂಥ ಒಂದು ಫೋನು

2022ರ ನವೆಂಬರ್ ತಿಂಗಳ ಒಂದು ಭಾನುವಾರ. ಬೆಳಿಗ್ಗೆ 9ಕ್ಕೆ ಟೆಸ್ಟ್ ಶುರುವಾಗಿತ್ತು. ಫಿಸಿಕ್ಸ್ ಮುಗಿಸಿ ಕೆಮಿಸ್ಟ್ರಿಗೆ ಹಾಳೆ ತಿರುವುವಷ್ಟರಲ್ಲಿ ಎಡಗೈ ಬೆರಳು ಜುಮುಗುಟ್ಟತೊಡಗಿದವು. ಆಮೇಲೆ ತುಟಿ. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಪಕ್ಕದವಳಿಗೂ ಕೇಳುತ್ತಿರಬಹುದು ಅನ್ನಿಸಿತು. ಉಸಿರು ಎಳೆದುಕೊಂಡಷ್ಟೂ ಸಾಲದು. ಬೆರಳುಗಳು ತಾವಾಗಿಯೇ ಒಳಗೆ ಮಡಚಿಕೊಂಡು ಕೋಳಿ ಕಾಲಿನ ಹಾಗಾದವು, ಪೆನ್ನು ಕೆಳಗೆ ಬಿತ್ತು. ಒಎಂಆರ್ ಹಾಳೆಯ ಗುಂಡು ಗುಂಡು ಕಾಳುಗಳೆಲ್ಲ ಇರುವೆಯ ಹಾಗೆ ಹರಿದಾಡಿದವು. ನಾನು ಸಾಯುತ್ತಿದ್ದೇನೆ ಎಂದು ನನಗೆ ಖಾತ್ರಿಯಾಗಿತ್ತು. ಆಗ ನನಗೆ 16 ವರ್ಷ.

ಹಾಸ್ಟೆಲ್ ವಾರ್ಡನ್ ಮೇಡಂ ಬಂದು ನೀರು ಚಿಮುಕಿಸಿದರು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಇಸಿಜಿ ತೆಗೆಸಿದಾಗ ಎಲ್ಲ ಸರಿಯಾಗಿಯೇ ಇತ್ತು. ಗ್ಯಾಸಿಗೆ ಗುಳಿಗೆ ಬರೆದುಕೊಟ್ಟರು. ಹೊರಗೆ ಬರುವಾಗ ಮೇಡಂ ಜೊತೆಗಿದ್ದ ಸರ್‌ಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಏನೂ ಆಗಿಲ್ರಿ ಸರ್. ಟೆಸ್ಟ್ ಬಂದ ಕೂಡಲೆ ನಾಟಕ ಮಾಡತಾವ." ಆ ಮಾತನ್ನು ನಾನು ನಂಬಿದೆ. ಡಾಕ್ಟರೇ ಏನೂ ಇಲ್ಲ ಅಂದಮೇಲೆ ನಾಟಕವೇ ಇರಬೇಕು, ಅಂದರೆ ನನ್ನಲ್ಲೇ ಏನೋ ಖೋಟಾ ಇದೆ ಎಂದುಕೊಂಡೆ.

ನಮ್ಮದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಊರು. ಅಪ್ಪನಿಗೆ ಎರೆ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 609 ಬಂದಾಗ ಶಾಲೆಯವರು ಮೆರವಣಿಗೆ ಮಾಡಿದ್ದರು. ಧಾರವಾಡದ ಕಾಲೇಜಿನವರು ಮನೆಗೇ ಬಂದು ಪಿಯು ಸೈನ್ಸ್, ನೀಟ್ ಕೋಚಿಂಗ್, ಹಾಸ್ಟೆಲ್ ಎಲ್ಲ ಒಂದೇ ಕಂಪೌಂಡಿನಲ್ಲಿದೆ ಎಂದು ಹೇಳಿ ಹೋದರು. ಫೀ ತುಂಬಲು ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದ, ಅವ್ವ ಬೋರಮಾಳ ಸರ ಒತ್ತೆ ಇಟ್ಟಳು. ಹಾಸ್ಟೆಲಿಗೆ ಬಿಡಲು ಬಂದ ದಿನ ಅವ್ವನ ಕೊರಳಲ್ಲಿ ಆ ಸರ ಇದ್ದ ಜಾಗ ಬೆಳ್ಳಗೆ ಗೆರೆಯಾಗಿ ಕಾಣುತ್ತಿತ್ತು. ಓದಲು ಕೂತಾಗಲೆಲ್ಲ ನನಗೆ ಆ ಗೆರೆಯೇ ಕಾಣುತ್ತಿತ್ತು.

ಬೆಳಿಗ್ಗೆ 5ಕ್ಕೆ ಬೆಲ್, ರಾತ್ರಿ 10ಕ್ಕೆ ದೀಪ ಆರಿಸುವುದು. ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ಭಾನುವಾರ ಸಂಜೆ ವಾರ್ಡನ್ ಮೇಡಂ ಫೋನಿನಿಂದ ಮನೆಗೆ ಐದು ನಿಮಿಷ ಮಾತಾಡಬಹುದು, ಮೇಡಂ ಅಲ್ಲೇ ಕುರ್ಚಿಯಲ್ಲಿ ಕೂತಿರುತ್ತಾರೆ. ಸೋಮವಾರ ಬೆಳಿಗ್ಗೆ ಮೆಸ್ಸಿನ ಬಾಗಿಲ ಪಕ್ಕದ ಬೋರ್ಡಿನಲ್ಲಿ ಎಲ್ಲರ ಹೆಸರು, 720ಕ್ಕೆ ಬಂದ ಅಂಕ, ರ್‍ಯಾಂಕ್. ಮೊದಲ ಮೂವತ್ತು ಹೆಸರು ಹಸಿರು, ಕೊನೆಯ ಮೂವತ್ತು ಕೆಂಪು. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಅದನ್ನು ಓದಿಯೇ ಒಳಗೆ ಹೋಗಬೇಕು. ಜೂನ್‌ನಲ್ಲಿ ಎ ಬ್ಯಾಚಿನಲ್ಲಿದ್ದ ನಾನು ದೀಪಾವಳಿಗೆ ಬಿ ಬ್ಯಾಚಿಗೆ, ಡಿಸೆಂಬರಿಗೆ ಸಿ ಬ್ಯಾಚಿಗೆ ಇಳಿದೆ. ಬ್ಯಾಚ್ ಬದಲಾದಾಗ ನಮ್ಮ ಡೆಸ್ಕಿನ ಪುಸ್ತಕ ನಾವೇ ಹೊತ್ತುಕೊಂಡು, ಎಲ್ಲರೂ ನೋಡುತ್ತಿರುವಾಗ, ಇನ್ನೊಂದು ಕೋಣೆಗೆ ಹೋಗಬೇಕಿತ್ತು.

ಎದೆ ಬಡಿತ ಈಗ ಟೆಸ್ಟಿಗಷ್ಟೇ ಬರುತ್ತಿರಲಿಲ್ಲ. ಸ್ನಾನದ ಕೋಣೆಯಲ್ಲಿ ಬಂತು, ಪ್ರಾರ್ಥನೆಯ ಸಾಲಿನಲ್ಲಿ ಬಂತು. ಮತ್ತೆ ಬಂದರೆ ಎನ್ನುವ ಹೆದರಿಕೆಯಲ್ಲೇ ದಿನ ಕಳೆಯುತ್ತಿತ್ತು. ರಾತ್ರಿ 2ಕ್ಕೆ ಎಚ್ಚರಾದರೆ 5ರ ಬೆಲ್ ತನಕ ಛಾವಣಿ ನೋಡುತ್ತ ಮಲಗಿರುತ್ತಿದ್ದೆ. ರೊಟ್ಟಿ ಬಾಯಲ್ಲಿ ಉಂಡೆಯಾಗಿ ಕೂರುತ್ತಿತ್ತು, ಇಳಿಯುತ್ತಿರಲಿಲ್ಲ. ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಆಯಿ ಮಾತ್ರ ನನ್ನ ತಟ್ಟೆ ಗಮನಿಸಿದ್ದಳು. "ಯಾಕವಾ, ಸೊರಗಿ ಹ್ವಾದ್ಯಲ್ಲ?" ಅಂದಳು. ಆರು ತಿಂಗಳಲ್ಲಿ ಆ ಕಂಪೌಂಡಿನ ಒಳಗೆ ದೊಡ್ಡವರೊಬ್ಬರು ನನ್ನನ್ನು ಮಾರ್ಕ್ಸ್ ಬಿಟ್ಟು ಬೇರೆ ಏನಾದರೂ ಕೇಳಿದ್ದು ಅದೇ ಮೊದಲು.

ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವ ನನ್ನ ತೋಳು ಮುಟ್ಟಿ ನೋಡಿ ಅತ್ತಳು. ದೃಷ್ಟಿ ತೆಗೆದರು, ದರ್ಗಾಕ್ಕೆ ಕರೆದೊಯ್ದು ತಾಯತ ಕಟ್ಟಿಸಿದರು. ಅದರಲ್ಲಿ ಅವರ ಪ್ರೀತಿ ಇತ್ತು, ನಾನು ಬೇಡ ಅನ್ನಲಿಲ್ಲ. ಮೂರನೆಯ ದಿನ ಅಡುಗೆಮನೆಯಲ್ಲೇ ನನಗೆ ಹಾಗಾಯಿತು. ನೋಡಲು ಬಂದ ಓಣಿಯ ಹೆಂಗಸೊಬ್ಬಳು ಹೇಳಿದ್ದು: "ಧಾರವಾಡಕ್ಕ ಓದಾಕ ಹಾಕೀರೋ, ದವಾಖಾನಿಗೆ ಹಾಕೀರೋ?"

ನಮ್ಮ ಕಡೆಯವರಿಗೆ ಈ ಮಾತಿನ ಪೆಟ್ಟು ಗೊತ್ತು. ಧಾರವಾಡದ ಮಾನಸಿಕ ಆಸ್ಪತ್ರೆ ಬ್ರಿಟಿಷರ ಕಾಲದ್ದು, ಈಗ ಅದು ಡಿಮ್ಹಾನ್ಸ್. ಹಳೇ ಮೈಸೂರಿನ ಕಡೆ ಜಗಳದಲ್ಲಿ ನಿಮ್ಹಾನ್ಸ್ ಹೆಸರೆತ್ತುವ ಹಾಗೆ ನಮ್ಮಲ್ಲಿ "ಇವನ್ನ ಧಾರವಾಡಕ್ಕ ಹಾಕ್ರಿ" ಅನ್ನುತ್ತಾರೆ. ಓದಲು ಹೋದ ಊರೇ ಬೈಗುಳವಾಗಿ ಮನೆಯೊಳಗೆ ಬಂತು. ಅಪ್ಪ ಆ ಹೆಂಗಸಿಗೆ ಏನೂ ಅನ್ನಲಿಲ್ಲ. ಮರುದಿನ ನಸುಕಿನ ಬಸ್ಸಿಗೆ ನನ್ನನ್ನು ಕರೆದುಕೊಂಡು ಹೊರಟ. ಧಾರವಾಡದಲ್ಲಿ ಇಳಿದು ಆಟೋದವನಿಗೆ ಕಾಲೇಜಿನ ಹೆಸರು ಹೇಳುತ್ತಾನೆ ಅಂದುಕೊಂಡಿದ್ದೆ. ಅಪ್ಪ ದವಾಖಾನೆಯ ಹೆಸರು ಹೇಳಿದ.

ಚೀಟಿ ಮಾಡಿಸಿ, ಬೆಂಚಿನ ಮೇಲೆ ಕೂತೆವು. ನಮ್ಮ ಪಕ್ಕ ಬ್ಯಾಂಕಿನವರ ಹಾಗೆ ಕಾಣುತ್ತಿದ್ದ ಒಬ್ಬರು ಡಬ್ಬಿ ತೆರೆದು ಚಿತ್ರಾನ್ನ ತಿನ್ನುತ್ತಿದ್ದರು. ಕಂಕುಳಲ್ಲಿ ಕೂಸು ಇದ್ದ ಬಾಣಂತಿ ಇದ್ದಳು. ಯಾರೂ ಕಿರುಚುತ್ತಿರಲಿಲ್ಲ, ಯಾರನ್ನೂ ಕಟ್ಟಿಹಾಕಿರಲಿಲ್ಲ. ಡಾಕ್ಟರ್ ಹೆಂಗಸು, "ಎಷ್ಟು ದಿನದಿಂದ ಹಿಂಗ ಆಗಾಕತ್ತೈತಿ ತಂಗಿ?" ಎಂದು ಕೇಳಿದ ಕೂಡಲೇ ನನಗೆ ಅಳು ತಡೆಯಲಾಗಲಿಲ್ಲ. ಆಕೆ ಕಾಯುತ್ತ ಕೂತರು.

ಅವರು ಹೇಳಿದ್ದನ್ನು ನಾನು ಆಮೇಲೆ ನೂರು ಸಲ ಬೇರೆಯವರಿಗೆ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತೇನೆ. ಹುಲಿ ಎದುರಾದರೆ ಓಡಲೆಂದು ದೇಹ ಅಡ್ರಿನಲಿನ್ ಬಿಡುತ್ತದೆ. ಕೆಲವರಲ್ಲಿ ಹುಲಿ ಇಲ್ಲದೆಯೂ ಅದು ಬಿಡುಗಡೆಯಾಗುತ್ತದೆ. ಉಸಿರು ಸಾಲದು ಅನ್ನಿಸಿ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದಕ್ಕೇ ತುಟಿ, ಬೆರಳು ಜುಮುಗುಟ್ಟುತ್ತವೆ, ಬೆರಳು ಮಡಚಿಕೊಳ್ಳುತ್ತವೆ. ಸುಮಾರು ಹತ್ತು ನಿಮಿಷದಲ್ಲಿ ಅದು ಏರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ನನಗೆ ಅದರ ಜೊತೆ ಖಿನ್ನತೆಯೂ ಇತ್ತು. ನಾನು ಕೇಳಿದ ಮೊದಲ ಪ್ರಶ್ನೆ, "ಹಂಗಾರ ಇದು ನಾಟಕ ಅಲ್ಲೇನ್ರಿ?" ಡಾಕ್ಟರ್ ನನ್ನ ಕೈ ಹಿಡಿದು, ಮಡಚಿಕೊಂಡ ಬೆರಳನ್ನು ಯಾರಿಂದಲೂ ನಾಟಕ ಮಾಡಿ ತೋರಿಸಲಿಕ್ಕಾಗದು ಅಂದರು.

ಬರೆದುಕೊಟ್ಟ ಗುಳಿಗೆ ಕೆಲಸ ಶುರುಮಾಡಲು ಎರಡು ಮೂರು ವಾರ ಬೇಕು, ನಡುವೆ ಬಿಡಬಾರದು ಎಂದು ಹೇಳಿ ಕಳಿಸಿದರು. ಆ ಮೂರು ವಾರ ಬಹಳ ಉದ್ದವಿದ್ದವು. ಫೆಬ್ರವರಿಯ ಒಂದು ದಿನ ಆಯಿ ಬಡಿಸಿದ ಎರಡನೆಯ ರೊಟ್ಟಿ ತಿಂದೆ, ತಿಂದಾದ ಮೇಲೆ ಗೊತ್ತಾಯಿತು.

ಗುಳಿಗೆಯನ್ನು ಶೇಂಗಾ ಚಟ್ನಿಯ ಖಾಲಿ ಡಬ್ಬಿಯಲ್ಲಿಟ್ಟು ಟ್ರಂಕಿನ ತಳದಲ್ಲಿ ಮುಚ್ಚಿಟ್ಟಿದ್ದೆ. ಕೋಣೆಯ ಹುಡುಗಿಯೊಬ್ಬಳು ಚಟ್ನಿ ಹುಡುಕಲು ಹೋಗಿ ಅದನ್ನು ತೆಗೆದಳು. ನಾನು ನಡುಗುತ್ತ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೂ ರಾತ್ರಿ ಹೀಗೇ ಆಗುತ್ತದೆ ಎಂದಳು. ಎರಡು ದಿನಕ್ಕೆ ಇನ್ನೊಬ್ಬಳನ್ನು ಕರೆತಂದಳು. ಬಟ್ಟೆ ಒಣಗಿಸುವ ಮಾಳಿಗೆಯ ಮೇಲೆ, ಊಟವಾದ ಮೇಲೆ ಅರ್ಧ ತಾಸು, ನಾವು ಐದಾರು ಜನ ಸೇರತೊಡಗಿದೆವು. ನಾವು ಮಾಡುತ್ತಿದ್ದುದು ಇಷ್ಟೇ: ಇವತ್ತು ನಿದ್ದೆ ಎಷ್ಟಾಯಿತು, ಏನು ತಿಂದೆವು, ಎದೆ ಬಡಿತ ಬಂತೇ ಎಂದು ಒಬ್ಬರಿಗೊಬ್ಬರು ಹೇಳುವುದು. ಲೈಬ್ರರಿಯ ಪತ್ರಿಕೆಯೊಂದರಲ್ಲಿ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಅಂಕಿ ಸಿಕ್ಕಿತು. 13ರಿಂದ 17 ವರ್ಷದವರಲ್ಲಿ ಶೇ 7.3 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ. ನಮ್ಮ ಹಾಸ್ಟೆಲಿನಲ್ಲಿ 212 ಹುಡುಗಿಯರು. ಗುಣಿಸಿದರೆ ಹದಿನೈದು ಬಂತು. ನಾವು ಆರು ಜನ ಇದ್ದೆವು. ಉಳಿದ ಒಂಬತ್ತು ಜನ ಯಾವ ಕೋಣೆಯಲ್ಲಿದ್ದಾರೋ ಎಂದು ಆ ರಾತ್ರಿ ನಾವು ಕಿಟಕಿಗಳನ್ನು ಎಣಿಸುತ್ತ ಕೂತಿದ್ದೆವು.

ಮುಂದಿನದನ್ನು ಬರೆಯುವುದು ನನಗೆ ಕಷ್ಟ.

ಆರು ಜನರಲ್ಲಿ ಒಬ್ಬಳು ನನ್ನ ಪಕ್ಕದ ಮಂಚದವಳು. ಹೆಸರು ಬರೆಯುವುದಿಲ್ಲ, ಊರೂ ಬೇಡ. ತನಗಿದ್ದ ಒಂದೇ ಒಂದು ಚಂದದ ಓಢಣಿಯನ್ನು ನನಗೆ ಹಬ್ಬಕ್ಕೆ ಹೊದೆಯಲು ಕೊಟ್ಟವಳು. 2023ರ ಆಗಸ್ಟ್‌ನಲ್ಲಿ, ಸೆಕೆಂಡ್ ಪಿಯು ಶುರುವಾಗಿ ಎರಡು ತಿಂಗಳಿಗೆ, ಅವಳು ಮಾಳಿಗೆಗೆ ಬರುವುದು ಬಿಟ್ಟಳು. ತನ್ನ ನೋಟ್ಸನ್ನೆಲ್ಲ ಹಂಚಿದಳು. ಒಂದು ರಾತ್ರಿ ನನ್ನ ಕೈ ಹಿಡಿದು, ತನಗೆ ಬದುಕುವುದು ಬೇಡವಾಗಿದೆ ಎಂದಳು. ಹೇಳುವ ಮೊದಲು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು: "ಯಾರಿಗೂ ಹೇಳಬ್ಯಾಡ. ನಿಮ್ಮವ್ವನ ಆಣಿ ಐತಿ."

ಆಣೆ ಎಂದರೆ ನಮ್ಮ ಮನೆಯಲ್ಲಿ ಬರಿಯ ಮಾತಲ್ಲ. ಅದೂ ಅವ್ವನ ಮೇಲೆ. ಮೂರು ರಾತ್ರಿ ನಾನು ಮಲಗದೆ ಅವಳನ್ನು ಕಾದೆ. ಅವಳು ಬಚ್ಚಲಿಗೆ ಎದ್ದರೆ ನಾನೂ ಎದ್ದೆ. ಹಗಲು ಕ್ಲಾಸಿನಲ್ಲಿ ಅವಳ ಬೆನ್ನನ್ನೇ ನೋಡುತ್ತ ಕೂತೆ. ನನ್ನ ಹತ್ತಿರ ಅವಳಿಗೆ ಹೇಳಲು ಏನೂ ಇರಲಿಲ್ಲ, ಎಣಿಸುತ್ತ ನಿಧಾನಕ್ಕೆ ಉಸಿರಾಡು ಎನ್ನುವುದು ಬಿಟ್ಟರೆ. ನನಗೇ ಮತ್ತೆ ಎದೆ ಬಡಿತ ಶುರುವಾಯಿತು. ಆ ಮೂರು ದಿನ ನಾನು ಮಾಡಿದ್ದು ದೊಡ್ಡ ತಪ್ಪು. 17 ವರ್ಷದ ಹುಡುಗಿಯೊಬ್ಬಳು ಇನ್ನೊಬ್ಬಳ ಜೀವವನ್ನು ಒಬ್ಬಳೇ ಕಾಯುತ್ತೇನೆ ಎಂದುಕೊಂಡಿದ್ದಳು, ಪ್ರೀತಿಯಿದ್ದರೆ ಸಾಕು ಎಂದುಕೊಂಡಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಅವಳು ಸ್ಟಡಿ ಅವರ್‌ಗೆ ಬರಲಿಲ್ಲ. ನಾನು ಓಡಿ ಹೋಗಿ ಕೋಣೆಯ ಬಾಗಿಲು ಬಡಿದೆ. ಬಾಗಿಲು ತೆಗೆಯಲಿಲ್ಲ. ಕೂಗಿದೆ. ಕೂಗು ಕೇಳಿ ಆಯಿ ಬಂದಳು, ವಾಚ್‌ಮನ್ ಕಾಕಾ ಬಂದರು, ಬಾಗಿಲು ಮುರಿದರು.

ಅವಳು ಬದುಕಿದಳು. ಅದಕ್ಕಿಂತ ಹೆಚ್ಚು ನಾನು ಹೇಳಬೇಕಿಲ್ಲ.

ಆವತ್ತು ಎಲ್ಲರ ಎದುರು ನಾನು ಆಣೆ ಮುರಿದೆ, ಮೂರು ದಿನದ ಮಾತನ್ನೆಲ್ಲ ಹೇಳಿದೆ. ಪೊಲೀಸ್ ಕೇಸ್ ಆಗುತ್ತದೆ, ಆಸ್ಪತ್ರೆಯಲ್ಲಿ ಬೇರೇನಾದರೂ ಹೇಳೋಣ ಎಂದು ಕಾಲೇಜಿನವರು ಪಿಸುಗುಟ್ಟುತ್ತಿದ್ದರು. ಡ್ಯೂಟಿ ಡಾಕ್ಟರ್ ಅವರನ್ನು ಪಕ್ಕಕ್ಕೆ ಕರೆದು ತಿಳಿಹೇಳಿದರು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಇಂಥ ಸ್ಥಿತಿಯಲ್ಲಿರುವವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಅವರಿಗೆ ಶಿಕ್ಷೆಯಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ. ನಾನು ಕಾರಿಡಾರಿನ ಗೋಡೆಗೆ ಒರಗಿ ನಿಂತು ಇದನ್ನು ಕೇಳಿಸಿಕೊಂಡೆ. ಅವಳ ತಂದೆ ತಾಯಿ ಮೂರು ದಿನಕ್ಕೆ ಅವಳನ್ನು ಊರಿಗೆ ಕರೆದೊಯ್ದರು. ಹೋಗುವಾಗ ಅವಳು ನನ್ನ ಕಡೆ ನೋಡಲಿಲ್ಲ. ಆಣೆ ಮುರಿದದ್ದಕ್ಕೋ, ತಡವಾಗಿ ಮುರಿದದ್ದಕ್ಕೋ, ನಾನು ಕೇಳಿಲ್ಲ.

ಮಾಳಿಗೆಯ ಮೇಲೆ ಉಳಿದ ಐದು ಜನ ಒಂದು ವಾರ ಮಾತೇ ಆಡಲಿಲ್ಲ. ಆಮೇಲೆ ನಾನೇ ನೋಟ್‌ಬುಕ್ ತೆಗೆದೆ. ಇನ್ನು ಮುಂದೆ ಯಾರ ಆಣೆಯನ್ನೂ ಹಾಕಿಸಿಕೊಳ್ಳಬಾರದು ಎಂದು ಮೊದಲು ಬರೆದೆವು. ಸಾಯುವ ಮಾತು ಬಂದರೆ ಅವತ್ತೇ ದೊಡ್ಡವರಿಗೆ ಹೇಳುವುದು, ಒಬ್ಬಳನ್ನೇ ಬಿಡದಿರುವುದು. ಆದರೆ ಯಾವ ದೊಡ್ಡವರಿಗೆ? ಅಲ್ಲಿ ನಮ್ಮ ಪೆನ್ನು ನಿಂತಿತು. 212 ಜನಕ್ಕೆ ಒಬ್ಬರೂ ಆಪ್ತ ಸಮಾಲೋಚಕರಿರಲಿಲ್ಲ.

ಡಿಮ್ಹಾನ್ಸ್‌ಗೆ ತೋರಿಸಲು ಹೋದಾಗ ಗೋಡೆಯ ಮೇಲೆ ಟೆಲಿ ಮಾನಸ್ ಪೋಸ್ಟರ್ ನೋಡಿದ್ದೆ. 14416. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಶುರುಮಾಡಿದ ಸಹಾಯವಾಣಿ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನನಗೆ ಮೊದಲ ಸಲ ಎದೆ ಬಡಿದುಕೊಳ್ಳುವ ಒಂದು ತಿಂಗಳ ಮೊದಲೇ ಈ ಸಂಖ್ಯೆ ಇತ್ತು. ನಾವು ಪ್ರಿನ್ಸಿಪಾಲರ ಹತ್ತಿರ ಹೋಗಿ, ಅದನ್ನು ಮೆಸ್ಸಿನ ಗೋಡೆಯ ಮೇಲೆ ಬರೆಸಿ ಸರ್ ಎಂದೆವು. ಅವರು ಒಪ್ಪಿದರು. ಪೇಂಟರ್ ಬಂದು ನೀಲಿ ಬಣ್ಣದಲ್ಲಿ ಚಂದ ಮಾಡಿ ಬರೆದ. ಅದರ ಮುಂದೆ ನಿಲ್ಲಿಸಿ ನಮ್ಮ ಫೋಟೊ ತೆಗೆದರು. ಆಗ ಫಸ್ಟ್ ಪಿಯು ಹುಡುಗಿಯೊಬ್ಬಳು ನನ್ನ ಕಿವಿಯಲ್ಲಿ ಕೇಳಿದಳು, "ಅಕ್ಕಾ, ಯಾವ ಫೋನಿಂದ ಮಾಡೋದು?"

ಹೌದಲ್ಲ. ಅವಳ ಪ್ರಶ್ನೆಯ ಬೆನ್ನು ಹತ್ತಿಯೇ ನಮ್ಮ ಮುಂದಿನ ನಾಲ್ಕು ತಿಂಗಳು ಕಳೆದವು. ಇದ್ದದ್ದು ವಾರ್ಡನ್ ಮೇಡಂ ಫೋನು, ಭಾನುವಾರ, ಐದು ನಿಮಿಷ, ಅವರ ಎದುರಿಗೇ. ನಾವು ಒಂದು ಫೋನ್ ಕೇಳಿದೆವು. ಹುಡುಗರ ಜೊತೆ ಮಾತಾಡಲು ಬಳಸುತ್ತೀರಿ ಅಂದರು. ನವೆಂಬರಿನಲ್ಲಿ ಕೊನೆಗೂ ಸಿಕ್ಕ ಲ್ಯಾಂಡ್‌ಲೈನ್ ಎಕ್ಸ್‌ಟೆನ್ಶನ್‌ನ ಇನ್ನೊಂದು ರಿಸೀವರ್ ಆಫೀಸಿನಲ್ಲಿತ್ತು. ಅದನ್ನು ಎತ್ತಿದರೆ ಇಲ್ಲಿಯ ಮಾತೆಲ್ಲ ಅಲ್ಲಿಗೆ ಕೇಳುತ್ತಿತ್ತು. ನಾವೇ ಪರೀಕ್ಷೆ ಮಾಡಿ ನೋಡಿದೆವು. ಒಬ್ಬಳು ಮೆಸ್ಸಿನಿಂದ ಮನೆಗೆ ಮಾತಾಡಿದಳು, ಆಫೀಸಿನಲ್ಲಿ ಫೀ ರಸೀದಿಗೆ ನಿಂತಿದ್ದ ಇನ್ನೊಬ್ಬಳಿಗೆ ಅದು ಸ್ಪಷ್ಟ ಕೇಳಿತು. ಹಾಗಾಗಿ ಒಂದೇ ಹಾಳೆಯ ಅರ್ಜಿ ಬರೆದೆವು: ಗುಂಡಿಯ ಒಂದು ಸಾದಾ ಮೊಬೈಲ್, ಒಳಗಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ, ಯಾಕೆ ಎಂದು ಯಾರೂ ಕೇಳಕೂಡದು. ಜೊತೆಗೆ, ಕೆಂಪು ಬಣ್ಣದ ಹೆಸರುಗಳನ್ನು ಬೋರ್ಡಿನಿಂದ ತೆಗೆಯಬೇಕು. ಸಹಿಗೆ ಕೋಣೆ ಕೋಣೆ ಹತ್ತಿದೆವು. 141 ಸಹಿ ಬಂದವು. ಸಹಿ ಹಾಕದ ಕೆಲವರು, ಅಪ್ಪನಿಗೆ ಗೊತ್ತಾದರೆ ಬಿಡಿಸಿಬಿಡುತ್ತಾರೆ ಎಂದು ಅತ್ತರು. ಅವರನ್ನು ನಾವು ಒತ್ತಾಯಿಸಲಿಲ್ಲ.

ಡಿಸೆಂಬರಿನ ಪಾಲಕರ ಸಭೆಯಲ್ಲಿ ಪ್ರಿನ್ಸಿಪಾಲರು ಅರ್ಜಿಯ ವಿಷಯ ಎತ್ತಿದರು. ಕೆಲವು ಹುಡುಗಿಯರಿಗೆ ಓದುವ ಮನಸ್ಸಿಲ್ಲ, ಉಳಿದವರನ್ನೂ ಕೆಡಿಸುತ್ತಿದ್ದಾರೆ ಎನ್ನುವ ಧಾಟಿಯಲ್ಲಿತ್ತು ಅವರ ಮಾತು. ಅಡ್ಮಿಶನ್ ಮೇಲೆ ಪರಿಣಾಮ ಆಗುತ್ತದೆ ಎಂದರು. ಪಾಲಕರು ತಲೆ ಆಡಿಸುತ್ತಿದ್ದರು. ಕೊನೆಯ ಸಾಲಿನಲ್ಲಿ ಅಪ್ಪ ಎದ್ದು ನಿಂತ. ಧೋತರ, ಬಿಳಿ ಟೊಪ್ಪಿಗೆ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅಪ್ಪ ಸಭೆಯಲ್ಲಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ನನ್ನ ಮಗಳು ದವಾಖಾನಿ ಗುಳಿಗಿ ತಗೊಂತಾಳ್ರಿ. ಅದ ದವಾಖಾನಿ. ನೀವೆಲ್ಲಾರೂ ಬೈಯಾಕ ಹೆಸರು ತಗೊಂತೀರಲ್ಲ, ಅಲ್ಲೇ. ಒಂದು ವರ್ಷ ಆತು. ಈಗ ಉಣತಾಳ, ನಗತಾಳ. ಒಂದು ಫೋನ್ ಕೇಳ್ಯಾರ. ಬೇಕಾದ್ರ ನಾ ಕೊಡಸ್ತೇನ್ರಿ." ಇಷ್ಟು ಹೇಳಿ ಕೂತ.

ನನಗೆ ನೆಲ ನೋಡುವುದು ಬಿಟ್ಟು ಬೇರೇನೂ ಆಗಲಿಲ್ಲ. ಆಮೇಲೆ ಒಬ್ಬ ತಾಯಿ ಎದ್ದರು. ತಮ್ಮ ಮಗ ಬೇರೆ ಕಾಲೇಜಿನಲ್ಲಿದ್ದ ಎಂದು ಶುರುಮಾಡಿದವರು ಮುಂದೆ ಮಾತಾಡಲಾರದೆ ಕೂತುಬಿಟ್ಟರು. ಆ "ಇದ್ದ" ಎನ್ನುವುದರಲ್ಲಿ ಎಲ್ಲ ತಿಳಿಯಿತು. ಸಭೆ ಬೇಗ ಮುಗಿಯಿತು.

ಸಂಕ್ರಾಂತಿ ಮುಗಿದ ಮೇಲೆ ಫೋನ್ ಬಂತು. ಮೆಸ್ಸಿನ ಪಕ್ಕದ ಉಗ್ರಾಣದಲ್ಲಿ, ಜೋಳದ ಚೀಲಗಳ ನಡುವೆ, ಒಂದು ಸ್ಟೂಲ್ ಮೇಲೆ. ಒಳಗಿನ ಚಿಲಕವನ್ನು ವಾಚ್‌ಮನ್ ಕಾಕಾ ಹೊಸದಾಗಿ ಹಾಕಿಕೊಟ್ಟರು, ಹೊರಗಿನಿಂದಲೂ ತೆಗೆಯಲು ಬರುವಂಥದ್ದನ್ನೇ ಹುಡುಕಿ ತಂದು. ಕೀಲಿ ಆಯಿಯ ಹತ್ತಿರ. ಅದು ಅಪ್ಪ ಕೊಡಿಸಿದ ಫೋನಲ್ಲ, ಕಾಲೇಜಿನವರೇ ತಂದಿದ್ದರು. ಯಾರು ಎಷ್ಟು ಸಲ ಮಾಡಿದರೋ ನಮಗೆ ಗೊತ್ತಿಲ್ಲ, ಗೊತ್ತಾಗಬಾರದು ಎಂದೇ ಹಾಗೆ ಮಾಡಿದ್ದು. ಒಂದು ರಾತ್ರಿ 11ಕ್ಕೆ ನೀರು ಕುಡಿಯಲು ಇಳಿದಾಗ ಉಗ್ರಾಣದ ಬಾಗಿಲ ಕೆಳಗಿನಿಂದ ಬೆಳಕು ಬರುತ್ತಿತ್ತು. ಆಯಿ ಹೊರಗೆ ಗೋಡೆಗೆ ಒರಗಿ, ಸೆರಗು ಹೊದ್ದುಕೊಂಡು ಕಾಯುತ್ತ ಕೂತಿದ್ದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು, ಹೋಗು ಎಂದು ಕೈ ಮಾಡಿದಳು.

ಕೆಂಪು ಹೆಸರುಗಳು ಹೋಗಲಿಲ್ಲ. ಬಣ್ಣ ಮಾತ್ರ ಕಪ್ಪಾಯಿತು. ಪ್ಯಾನಿಕ್ ಅಟ್ಯಾಕ್ ಬಂದರೆ ಏನು ಮಾಡಬೇಕೆಂದು ಒಂದು ತಾಸು ಹೇಳಿಕೊಡಲು ಡಾಕ್ಟರೊಬ್ಬರನ್ನು ಕರೆಸಿದರು, ವಾರ್ಡನ್ ಮೇಡಂ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡರು. ಮುಗಿದ ಮೇಲೆ ನನ್ನ ಹತ್ತಿರ ಬಂದು, ಆವತ್ತು ತಮಗೆ ಗೊತ್ತಿರಲಿಲ್ಲ ಎಂದರು. ನಾನು ಅವರ ಮೇಲೆ ಸಿಟ್ಟು ಇಟ್ಟುಕೊಂಡಿಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

2024ರ ಮೇ 5ರಂದು ನೀಟ್ ಬರೆದೆ. ಆ ವರ್ಷ ಹೆಸರು ನೋಂದಾಯಿಸಿದ್ದವರೇ ದೇಶದಲ್ಲಿ 24 ಲಕ್ಷ ದಾಟಿದ್ದರು. ನನಗೆ ಸೀಟು ಬರುವಷ್ಟು ಅಂಕ ಬರಲಿಲ್ಲ. ಈಗ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. ಗುಳಿಗೆಯನ್ನು ಡಾಕ್ಟರ್ ನಿಧಾನಕ್ಕೆ ಇಳಿಸಿ ನಿಲ್ಲಿಸಿದ್ದಾರೆ. ಎದೆ ಬಡಿತ ವರ್ಷಕ್ಕೆ ಒಂದೆರಡು ಬಾರಿ ಬರುತ್ತದೆ, ಬಂದರೆ ಗಡಿಯಾರ ನೋಡುತ್ತ ಕೂರುತ್ತೇನೆ. ಅವ್ವನ ಸರ ಇನ್ನೂ ಬಿಡಿಸಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಎಲ್ಲ ವಿದ್ಯಾಸಂಸ್ಥೆಗಳಲ್ಲೂ ತರಬೇತಿ ಪಡೆದ ಸಮಾಲೋಚಕರು ಇರಬೇಕೆಂದು ಹೇಳಿತು. ಅದನ್ನು ಓದಿದ ದಿನ ಮಾಳಿಗೆಯ ಐದೂ ಜನ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು. ಹಳೆಯ ಕಾಲೇಜಿಗೆ ಪತ್ರ ಬರೆದಿದ್ದೇವೆ, ನಮ್ಮ ನಂತರದ ಹುಡುಗಿಯರೂ ಸಹಿ ಹಾಕಿದ್ದಾರೆ. ಉತ್ತರ ಬರುವ ತನಕ ಬರೆಯುತ್ತೇವೆ.

2024ರ ದಸರೆಗೆ, ಬನ್ನಿ ಕೊಡುವ ದಿನ, ನಾನು ಪಕ್ಕದ ಮಂಚದ ಆ ಗೆಳತಿಯ ಊರಿಗೆ ಹೋಗಿದ್ದೆ. ನಮ್ಮ ಕಡೆ ಅವತ್ತು ಮಾತು ಬಿಟ್ಟವರೂ ಬನ್ನಿ ಕೊಟ್ಟು ಮಾತಾಡುತ್ತಾರೆ. ಅವಳ ಅವ್ವ ಬಾಗಿಲಲ್ಲೇ ನನ್ನನ್ನು ಗುರುತು ಹಿಡಿದು ಒಳಗೆ ಕರೆದು ಕೂರಿಸಿದರು, ಹೋಳಿಗೆ ಬಡಿಸಿದರು. ಒಳಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ರೇಡಿಯೋ ಸಣ್ಣಗೆ ಹಾಡುತ್ತಿತ್ತು. "ಅದಾಳ. ಈಗ ಬಿಎ ಮಾಡಾಕತ್ತಾಳ. ಗುಳಿಗಿ ತಪ್ಪಸೂದಿಲ್ಲ," ಎಂದರು. ಅವಳು ಹೊರಗೆ ಬರಲಿಲ್ಲ, ನಾನು ಕರೆಯಲೂ ಇಲ್ಲ. ಬನ್ನಿ ಎಲೆಗಳನ್ನು ಆ ಬಾಗಿಲ ಹೊಸ್ತಿಲ ಮೇಲೆ ಇಟ್ಟು, ಸಂಜೆಯ ಬಸ್ಸಿಗೆ ಹೊರಟೆ.